ಒಂದೇ ತರದ ಹಾಯಿದೋಣಿ ಇಟ್ಟವರೆಲ್ಲ ಸೇರಿ ಸಂಘ ಕಟ್ಟುವುದು ಹೇಗೆ? ಶರಾವತಿ ಹಿನ್ನೀರಿನಿಂದ ಒಂದು ಸಮಗ್ರ ಮಾರ್ಗದರ್ಶಿ

ಮೊದಲ ಚಳಿಗಾಲದ ಓಟಕ್ಕೆ ನಮ್ಮಲ್ಲಿ ಐದು ದೋಣಿ ಇದ್ದವು. ಐದೂ ಒಂದೇ ನಕ್ಷೆಯವು. ಮೂರನ್ನು ಒಬ್ಬನೇ ಬಡಗಿ ಕಟ್ಟಿದ್ದ, ಎರಡು ಮನೆ ಜಗುಲಿಯಲ್ಲೇ ಆದವು. ದಡದಲ್ಲಿ ಸಾಲಾಗಿ ನಿಲ್ಲಿಸಿದರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತಿದ್ದವು. ಆದರೆ ಪ್ರತಿ ಸುತ್ತಿನಲ್ಲೂ ಒಂದೇ ದೋಣಿ ಮುಂದೆ. ಸಂಜೆ ಟೇಪು ಹಿಡಿದು ನೋಡಿದರೆ ಅದರ ಹಾಯಿ ಕೆಳಗಿನ ಅಂಚಿನಲ್ಲಿ ಒಂದು ಗೇಣು ಜಾಸ್ತಿ ಇತ್ತು. ಮೋಸ ಮಾಡಬೇಕು ಅಂತ ಹೊಲಿದದ್ದಲ್ಲ. ಬಟ್ಟೆ ಉಳಿದಿತ್ತು, ಕತ್ತರಿಸಲು ಮನಸ್ಸಾಗಲಿಲ್ಲ, ಅಷ್ಟೆ. ಹಾಯಿ ಇಷ್ಟೇ ಇರಬೇಕು ಅಂತ ಎಲ್ಲೂ ಬರೆದಿರಲಿಲ್ಲವಲ್ಲ! ಆದರೂ ಅವತ್ತು ಇಬ್ಬರು ಸ್ನೇಹಿತರ ನಡುವೆ ಮಾತು ನಿಂತಿತು. ಮತ್ತೆ ಶುರುವಾಗಲು ಒಂದು ಮಳೆಗಾಲ ಕಳೆಯಬೇಕಾಯಿತು.

ಅದಕ್ಕೇ ಹೇಳುತ್ತೇನೆ, ಸಂಘ ಅಂದರೆ ಮೊದಲು ಅಳತೆ ಪುಸ್ತಕ. ಅಧ್ಯಕ್ಷರು, ಲೆಟರ್‌ಹೆಡ್, ಬ್ಯಾನರ್ ಎಲ್ಲ ಆಮೇಲೆ. ದೋಣಿ ಕಡಿಮೆ ಇದ್ದಾಗ, ಎಲ್ಲರೂ ಇನ್ನೂ ಒಟ್ಟಿಗೆ ಕೂತು ಚಹಾ ಕುಡಿಯುತ್ತಿರುವಾಗಲೇ ಆ ಪುಸ್ತಕ ಬರೆದುಬಿಡಿ.

ಕ್ಲಬ್ ಬೇರೆ, ಕ್ಲಾಸ್ ಸಂಘ ಬೇರೆ

ಈ ಗೊಂದಲ ಎಲ್ಲರಿಗೂ ಇರುತ್ತದೆ. ಒಂದೇ ಅಳತೆಯ ದೋಣಿಗಳ ಗುಂಪಿಗೆ ಕ್ಲಾಸ್ ಅನ್ನುತ್ತಾರೆ. ಕ್ಲಬ್ ಅಂದರೆ ಒಂದು ಜಾಗ. ಶೆಡ್ಡು, ದಡ, ರಕ್ಷಣೆಗೆ ಮೋಟಾರ್ ಬೋಟು, ಎಲ್ಲ ಅಲ್ಲಿ ಇರುತ್ತವೆ. ಕ್ಲಾಸ್ ಸಂಘಕ್ಕೆ ಜಾಗವೇ ಬೇಕಾಗಿಲ್ಲ. ಅದು ಒಂದು ಮಾದರಿಯ ದೋಣಿಯನ್ನು ಕಾಯುತ್ತದೆ. ಆ ದೋಣಿ ನಮ್ಮ ಸಾಗರ ತಾಲೂಕಿನ ಹಿನ್ನೀರಿನಲ್ಲಿರಲಿ, ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿರಲಿ, ಅಳತೆ ಒಂದೇ ಇರಬೇಕು. ಆಗ ಗೆದ್ದವರು ದುಡ್ಡಿನಿಂದ ಗೆದ್ದರು ಅಂತ ಯಾರೂ ಹೇಳುವ ಹಾಗಿಲ್ಲ.

ಇದರ ಬೆಲೆ ಏನು ಅಂತ ಒಂದು ಉದಾಹರಣೆ ನೋಡಿ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನೇಹಾ ಠಾಕೂರ್ ಹುಡುಗಿಯರ ಐಎಲ್‌ಸಿಎ 4 (ಒಬ್ಬರೇ ಓಡಿಸುವ ಸಣ್ಣ ಹಾಯಿದೋಣಿ) ವಿಭಾಗದಲ್ಲಿ ಬೆಳ್ಳಿ ಗೆದ್ದರು. ಮಧ್ಯಪ್ರದೇಶದ ರೈತ ಕುಟುಂಬದ ಹುಡುಗಿ, ಕಲಿತದ್ದು ಸಮುದ್ರವೇ ಇಲ್ಲದ ಭೋಪಾಲದ ಕೆರೆಯಲ್ಲಿ. ಭೋಪಾಲದಲ್ಲಿ ಓಡಿಸಿದ ದೋಣಿ, ಚೀನಾದಲ್ಲಿ ಓಡಿಸಿದ ದೋಣಿ ಎರಡೂ ಒಂದೇ ಅಳತೆಯವು. ಇಲ್ಲದಿದ್ದರೆ ಕೆರೆಯಲ್ಲಿ ಕಲಿತದ್ದು ಅಲ್ಲಿ ಉಪಯೋಗಕ್ಕೆ ಬರುತ್ತಿತ್ತಾ?

ಯಾವ ದೋಣಿ?

ನಿಮ್ಮ ದೋಣಿಗೆ ಈಗಾಗಲೇ ಅಂತರರಾಷ್ಟ್ರೀಯ ಕ್ಲಾಸ್ ಇದ್ದರೆ ಕೆಲಸ ಅರ್ಧ ಆದ ಹಾಗೆ. ಮಕ್ಕಳ ಆಪ್ಟಿಮಿಸ್ಟ್ ತಗೊಳ್ಳಿ. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಮಾಡಿದ ವಿನ್ಯಾಸ, 2.3 ಮೀಟರ್ ಉದ್ದ, ದೋಣಿಯ ಒಡಲು 35 ಕೆ.ಜಿ. ಅದಕ್ಕೆ ನಿಯಮವೆಲ್ಲ ತಯಾರಿದೆ. ನೀವು ಸ್ಥಳೀಯ ಘಟಕ ಕಟ್ಟಿಕೊಂಡು ಅವರ ನಿಯಮವನ್ನು ಹಾಗೇ ಪಾಲಿಸಿದರೆ ಸಾಕು. ನಮ್ಮ ಕಡೆಗೆ ಅಂತ ಒಂದಕ್ಷರ ಬದಲಾಯಿಸಲು ಹೋಗಬೇಡಿ. ಬದಲಾಯಿಸಿದರೆ ಅದು ಆಪ್ಟಿಮಿಸ್ಟ್ ಆಗಿ ಉಳಿಯುವುದಿಲ್ಲ.

ನಮ್ಮ ಹಾಗೆ ಪ್ಲೈವುಡ್ ತಂದು ಮನೆಯಲ್ಲೇ ಕಟ್ಟುವವರಿಗೆ ಧೈರ್ಯ ಕೊಡುವ ದೋಣಿ ಅಂದರೆ ಮಿರರ್. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಒಂದು ದಿನಪತ್ರಿಕೆಯ ಬೆಂಬಲದಿಂದ ಬಂದದ್ದು. ದೋಣಿ ವಿನ್ಯಾಸಕಾರ ಜಾಕ್ ಹೋಲ್ಟ್ ಮತ್ತು ಟಿವಿಯಲ್ಲಿ ಮರಗೆಲಸ ಹೇಳಿಕೊಡುತ್ತಿದ್ದ ಬ್ಯಾರಿ ಬಕ್‌ನೆಲ್ ಸೇರಿ ಮಾಡಿದ್ದು. ಹಲಗೆಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಮೇಲೆ ಫೈಬರ್ ಪಟ್ಟಿ ಮತ್ತು ರೆಸಿನ್ ಹಚ್ಚುವುದು. ಬಾಳೆಲೆ ದೊನ್ನೆ ಹೊಲಿದವರಿಗೆ ಈ ಉಪಾಯ ಕೂಡಲೇ ಅರ್ಥವಾಗುತ್ತದೆ. ಹಾಗೆ ಕಟ್ಟಿದ ದೋಣಿಗಳು ಸಾವಿರ ಸಾವಿರ ಲೆಕ್ಕದಲ್ಲಿ ಆದವು.

ನಮ್ಮ ಹಿನ್ನೀರಿಗೆ ದೋಣಿ ಆರಿಸುವಾಗ ಎರಡು ಮಾತು ಮರೆಯಬೇಡಿ. ಒಂದು, ಲಿಂಗನಮಕ್ಕಿಯ ನೀರಿನಡಿ ಇರುವುದು ಮುಳುಗಿದ ಕಾಡು. ಸತ್ತ ಮರದ ಬೊಡ್ಡೆಗಳು ನೀರು ಇಳಿದ ಹಾಗೆಲ್ಲ ಮೇಲೆ ಬರುತ್ತವೆ, ಅದಕ್ಕಿಂತ ಅಪಾಯದವು ಮೇಲೆ ಕಾಣದೆ ಒಂದಡಿ ಕೆಳಗೆ ನಿಂತಿರುವಂಥವು. ಹಾಗಾಗಿ ಚುಕ್ಕಾಣಿ ತಾಗಿದರೆ ತಾನೇ ಮೇಲಕ್ಕೆ ಮಡಚಿಕೊಳ್ಳುವಂಥದ್ದು ಇರಬೇಕು, ದೋಣಿ ಪಕ್ಕಕ್ಕೆ ಜಾರದ ಹಾಗೆ ನೀರಿಗೆ ಇಳಿಬಿಡುವ ನಡುವಿನ ಹಲಗೆ ಕೈಯಲ್ಲಿ ಎಳೆದು ತೆಗೆಯುವಂಥದ್ದು ಇರಬೇಕು. ಎರಡು, ತೂಕ. ಬೇಸಿಗೆ ಹತ್ತಿರ ಬಂದ ಹಾಗೆ ನೀರು ಎಷ್ಟೋ ದೂರ ಹಿಂದೆ ಸರಿಯುತ್ತದೆ, ರಸ್ತೆಯಿಂದ ನೀರಿನ ತನಕ ಬರೀ ಕೆಸರು. ಇಬ್ಬರು ಹೊತ್ತುಕೊಂಡು ಹೋಗಲಾಗದ ದೋಣಿ ಮಲೆನಾಡಿಗೆ ಆಗಿಬರುವುದಿಲ್ಲ.

ಪ್ಲೈವುಡ್ ತರುವಾಗ ಹಾಳೆಯ ಮೇಲೆ ಐಎಸ್ 710 ಮುದ್ರೆ ನೋಡಿ. ಅದು ಮರೈನ್ ಪ್ಲೈ. ಐಎಸ್ 303 ಅಡುಗೆಮನೆ ಕಪಾಟಿಗೆ ಸರಿ, ದೋಣಿಗಲ್ಲ.

ಇನ್ನೊಂದು ಮಾತು, ನಕ್ಷೆ ಯಾರದ್ದೋ ಆಗಿದ್ದರೆ ಅವರಿಂದ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ. ಪ್ರತಿ ದೋಣಿಗೂ ನಕ್ಷೆ ಕೊಳ್ಳಬೇಕಾ, ಹೆಸರು ಯಾರದ್ದು, ಹಾಯಿಯ ಮೇಲಿನ ಚಿಹ್ನೆ ಯಾರದ್ದು, ಮೂರೂ ಕಾಗದದಲ್ಲಿರಲಿ. ಲೇಸರ್ ಅಂತ ಲೋಕಕ್ಕೆಲ್ಲ ಗೊತ್ತಿದ್ದ ದೋಣಿ ಇವತ್ತು ಐಎಲ್‌ಸಿಎ ಅನ್ನುವ ಹೆಸರಿನಲ್ಲಿ ಓಡುತ್ತಿರುವುದು ಇದೇ ಕಾರಣಕ್ಕೆ. ಹೆಸರಿನ ಹಕ್ಕು ಸಂಘದ ಕೈಯಲ್ಲಿರಲಿಲ್ಲ. ಒಲಿಂಪಿಕ್ಸ್‌ನಲ್ಲಿ 1996ರಿಂದ ಇದ್ದ ದೋಣಿಗೇ ಈ ಗತಿ ಬಂತು ಅಂದಮೇಲೆ ನಮ್ಮದೇನು?

ಅಳತೆ ಪುಸ್ತಕ ಬರೆಯುವುದು

ಇಲ್ಲಿ ಅವಸರ ಮಾಡಬೇಡಿ. ನಮಗೆ ನಾಲ್ಕು ತಿಂಗಳು ಹಿಡಿಯಿತು, ಅದರಲ್ಲಿ ಒಂದು ತಿಂಗಳು ಪೂರ್ತಿ ಕೂವೆಮರಕ್ಕೇ, ಅಂದರೆ ಹಾಯಿ ಕಟ್ಟುವ ಕಂಬಕ್ಕೇ ಹೋಯಿತು.

ನಿಯಮ ಬರೆಯಲು ಎರಡು ದಾರಿ. ಒಂದರಲ್ಲಿ, ಬೇಡ ಅಂತ ಬರೆಯದ್ದನ್ನೆಲ್ಲ ಮಾಡಬಹುದು. ಇನ್ನೊಂದರಲ್ಲಿ, ಮಾಡಬಹುದು ಅಂತ ಬರೆದಿದ್ದನ್ನು ಮಾತ್ರ ಮಾಡಬಹುದು. ಮೊದಲನೆಯದನ್ನು ತೆರೆದ ನಿಯಮ ಅನ್ನುತ್ತಾರೆ, ಎರಡನೆಯದನ್ನು ಮುಚ್ಚಿದ ನಿಯಮ. ನಾವು ಮೊದಲು ತೆರೆದ ನಿಯಮ ಬರೆದೆವು. ಕೂವೆ ಇಷ್ಟು ಉದ್ದ ಅಂತ ಮಾತ್ರ ಹೇಳಿದ್ದೆವು, ಯಾವುದರಿಂದ ಮಾಡಬೇಕು ಅಂತ ಹೇಳಿರಲಿಲ್ಲ. ಒಬ್ಬರು ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯ ತುಂಡನ್ನು ತಂದು ನಿಲ್ಲಿಸಿದರು! ಕೈಯಲ್ಲಿ ಎತ್ತಿದರೆ ಹುಲ್ಲುಕಡ್ಡಿ. ನಮ್ಮೆಲ್ಲರದ್ದು ಅಲ್ಯೂಮಿನಿಯಂ ಪೈಪು. ತಲೆಭಾರ ಕಡಿಮೆಯಾದರೆ ದೋಣಿ ಗಾಳಿಗೆ ಬಾಗುವುದು ಕಡಿಮೆ, ಓಟ ಜಾಸ್ತಿ. ಅವರು ಮಾಡಿದ್ದರಲ್ಲಿ ತಪ್ಪಿಲ್ಲ, ಒಳ್ಳೆ ತಲೆ ಓಡಿಸಿದ್ದರು. ಆದರೆ ಅದನ್ನು ಬಿಟ್ಟರೆ ಮುಂದಿನ ವರ್ಷ ಎಲ್ಲರೂ ದೋಟಿ ಕೊಳ್ಳಬೇಕು, ದೋಟಿಗೆ ಎಷ್ಟು ಬೆಲೆ ಅಂತ ತೋಟ ಇರುವವರಿಗೆ ಗೊತ್ತೇ ಇದೆ. ಆವತ್ತೇ ಮುಚ್ಚಿದ ನಿಯಮಕ್ಕೆ ಬಂದೆವು. ನೀವೂ ಅಲ್ಲಿಂದಲೇ ಶುರು ಮಾಡಿ.

ಪುಸ್ತಕದಲ್ಲಿ ಬರಲೇಬೇಕಾದವು: ಒಡಲಿನ ಉದ್ದ, ಅಗಲ, ಆಳ, ಪ್ರತಿಯೊಂದಕ್ಕೂ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಅನ್ನುವುದು. ಮನೆಯಲ್ಲಿ ಕಟ್ಟುವ ದೋಣಿಗೆ 10 ಮಿ.ಮೀ. ಆಚೀಚೆ ಬಿಡಿ, ಅದಕ್ಕಿಂತ ಬಿಗಿ ಮಾಡಿದರೆ ಯಾರ ದೋಣಿಯೂ ಪಾಸಾಗುವುದಿಲ್ಲ. ಆಮೇಲೆ ಕೂವೆಯ ಉದ್ದ, ವಸ್ತು. ಹಾಯಿಯ ಮೂರು ಅಂಚು, ಬಟ್ಟೆ ಯಾವುದು, ಒಂದು ವರ್ಷಕ್ಕೆ ಎಷ್ಟು ಹೊಸ ಹಾಯಿ. ಈ ಕೊನೆಯದನ್ನು ಬಿಡಬೇಡಿ, ದುಡ್ಡು ಇದ್ದವರು ವರ್ಷಕ್ಕೆ ಮೂರು ಹಾಯಿ ಹೊಲಿಸುವುದನ್ನು ತಡೆಯುವುದು ಇದೊಂದೇ ಸಾಲು. ಕೂವೆಗೆ ಮೇಲೊಂದು ಕೆಳಗೊಂದು ಬಣ್ಣದ ಪಟ್ಟಿ ಬಳಿಸಿ, ಹಾಯಿ ಆ ಪಟ್ಟಿ ದಾಟಿ ಹೋಗಬಾರದು. ದೊಡ್ಡ ಕ್ಲಾಸ್‌ಗಳಲ್ಲೂ ಹೀಗೇ ಮಾಡುತ್ತಾರೆ, ನೀರಿನ ಮೇಲೆ ದೂರದಿಂದಲೇ ಗೊತ್ತಾಗುತ್ತದೆ.

ಶಬ್ದಗಳಿಗೆ ಸ್ವಂತ ಅರ್ಥ ಹುಟ್ಟಿಸಬೇಡಿ. ಉದ್ದ ಅಂದರೆ ಎಲ್ಲಿಂದ ಎಲ್ಲಿಗೆ? ಚುಕ್ಕಾಣಿಯ ಕೀಲು ಸೇರಿಸಿಯಾ, ಬಿಟ್ಟಾ? ಇಂಥದ್ದಕ್ಕೆಲ್ಲ ಈ ಆಟವನ್ನು ಲೋಕದ ಮಟ್ಟದಲ್ಲಿ ನೋಡಿಕೊಳ್ಳುವ ವರ್ಲ್ಡ್ ಸೇಲಿಂಗ್ ಸಂಸ್ಥೆಯ ಉಪಕರಣ ನಿಯಮಗಳ ಪುಸ್ತಕ ಇದೆ. ಅದರ ಅರ್ಥವೇ ನಮ್ಮ ಅರ್ಥ ಅಂತ ಮೊದಲ ಪುಟದಲ್ಲಿ ಬರೆದುಬಿಡಿ.

ಹಳೆ ದೋಣಿಗಳನ್ನು ಕೈಬಿಡಬೇಡಿ. ನಿಯಮ ಜಾರಿಗೆ ಬಂದ ದಿನಕ್ಕಿಂತ ಮೊದಲು ಕಟ್ಟಿದವು ಒಡಲಿನ ಅಳತೆಯಲ್ಲಿ ಸ್ವಲ್ಪ ತಪ್ಪಿದ್ದರೂ ಇರಲಿ. ಹಾಯಿ ಮತ್ತು ತೂಕ ಮಾತ್ರ ಎಲ್ಲರಿಗೂ ಒಂದೇ. ಮೊದಲು ದೋಣಿ ಕಟ್ಟಿ ಧೈರ್ಯ ತೋರಿಸಿದವರನ್ನೇ ಹೊರಗೆ ನಿಲ್ಲಿಸಿದರೆ ಸಂಘ ಯಾರಿಗಾಗಿ?

ಅಳೆಯುವ ದಿನ

ಅಡಿಕೆ ಒಣಗಿಸುವ ಅಂಗಳಕ್ಕಿಂತ ಒಳ್ಳೆ ಜಾಗ ಸಿಗುವುದಿಲ್ಲ. ಸಿಮೆಂಟು ನೆಲ, ಸಪಾಟು, ತೂಕದ ಯಂತ್ರವೂ ಅಲ್ಲೇ. ಅಂಗಳ ಒಂದು ಕಡೆ ಇಳಿಜಾರು ಇದ್ದೇ ಇರುತ್ತದೆ, ಮಳೆನೀರು ಹರಿಯಬೇಕಲ್ಲ. ಹಾಗಾಗಿ ದೋಣಿಯನ್ನು ಬೋರಲು ಮಲಗಿಸಿ, ಗಾರೆಯವರು ಉಪಯೋಗಿಸುವ ನೀರಿನ ಪೈಪು ಹಿಡಿದು ಮಟ್ಟ ನೋಡಿ, ಕೆಳಗೆ ತೆಳು ಹಲಗೆ ಕೊಟ್ಟು ಸರಿಮಾಡಿಕೊಳ್ಳಿ. ಒಡಲಿನ ಬಾಗು ನೋಡಲು ಟೇಪು ಸಾಲದು. ನಕ್ಷೆಯಲ್ಲಿ ಮೂರು ಜಾಗ ಗುರುತು ಮಾಡಿ ಆ ಮೂರಕ್ಕೂ ಪ್ಲೈವುಡ್ಡಿನಲ್ಲಿ ಅಚ್ಚು ಕತ್ತರಿಸಿ ಇಟ್ಟುಕೊಳ್ಳಿ. ಅಚ್ಚನ್ನು ದೋಣಿಯ ಬೆನ್ನಿನ ಮೇಲೆ ಕೂರಿಸಬೇಕು, ಸಂದಿನಲ್ಲಿ ಬೆರಳು ಹೋದರೆ ಬರೆದುಕೊಳ್ಳಬೇಕು. ಈ ಅಚ್ಚುಗಳು ಸಂಘದ ಆಸ್ತಿ, ಒಬ್ಬರ ಮನೆಯ ಅಟ್ಟದಲ್ಲಿ ಒಣಗಿರುವ ಕಡೆ ಇರಲಿ.

ತೂಕದ ವಿಷಯದಲ್ಲಿ ಮಲೆನಾಡಿನದ್ದೇ ಒಂದು ತೊಂದರೆ ಇದೆ. ಪ್ಲೈವುಡ್ ನೀರು ಕುಡಿಯುತ್ತದೆ. ಬಣ್ಣ ಎಷ್ಟೇ ಬಳಿದರೂ ತಿರುಪಿನ ತೂತು, ತರಚಿದ ಅಂಚು ಬಿಡುವುದಿಲ್ಲ. ನನ್ನ ದೋಣಿ ಜನವರಿಯಲ್ಲಿ 48 ಕೆ.ಜಿ. ಇತ್ತು. ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ಕೂತು ಸೆಪ್ಟೆಂಬರಿನಲ್ಲಿ 51 ತೋರಿಸಿತು. ಒಂದು ಸಲವೂ ನೀರಿಗೆ ಇಳಿಸಿರಲಿಲ್ಲ, ಬರೀ ಗಾಳಿಯ ತೇವಕ್ಕೇ ಹಾಗಾಯಿತು. ಅದಕ್ಕೆ ನಮ್ಮ ನಿಯಮದಲ್ಲಿ ಡಿಸೆಂಬರ್ 15ರ ನಂತರ, ಕನಿಷ್ಠ ಒಂದು ವಾರ ಬಿಸಿಲು ಕಂಡ ದೋಣಿಯನ್ನು ಮಾತ್ರ ತೂಗುವುದು ಅಂತ ಇದೆ. ಗರಿಷ್ಠ ತೂಕ ಬೇಡ, ಕನಿಷ್ಠ ತೂಕ ಸಾಕು. ಹಗುರ ಇದ್ದ ದೋಣಿಗೆ ಸೀಸದ ತುಂಡನ್ನು ಕೂರುವ ಹಲಗೆಯ ಅಡಿಗೆ ತಿರುಪು ಹಾಕಿ ಕೂರಿಸಿ, ಎಷ್ಟು ಗ್ರಾಂ ಅಂತ ದೋಣಿಯ ಅಳತೆ ಪ್ರಮಾಣಪತ್ರದಲ್ಲಿ ಬರೆಯಿರಿ.

ಕೊನೆಗೆ ತೇಲುವ ಪರೀಕ್ಷೆ. ಸೊಂಟಮಟ್ಟದ ನೀರಿನಲ್ಲಿ ದೋಣಿಗೆ ಅಂಚಿನ ತನಕ ನೀರು ತುಂಬಿಸಿ, ಓಡಿಸುವವರು ಲೈಫ್ ಜಾಕೆಟ್ ಹಾಕಿ ಒಳಗೆ ಕೂರಲಿ. 20 ನಿಮಿಷ ಸಮನಾಗಿ ತೇಲಬೇಕು. ಒಂದು ಪಕ್ಕಕ್ಕೆ ವಾಲಿದರೆ ದೋಣಿಯನ್ನು ತೇಲಿಸಲು ಮುಚ್ಚಿ ಕಟ್ಟಿದ ಆ ಕಡೆಯ ಗಾಳಿಪೆಟ್ಟಿಗೆಗೆ ನೀರು ನುಗ್ಗುತ್ತಿದೆ ಅಂತ ಅರ್ಥ. ಇದರಲ್ಲಿ ಫೇಲಾದ ದೋಣಿಗೆ ಯಾವ ರಿಯಾಯಿತಿಯೂ ಇಲ್ಲ, ಅದು ಅಧ್ಯಕ್ಷರದ್ದೇ ಆಗಿರಲಿ. ನಮ್ಮಲ್ಲಿ ಮೊದಲ ಸಲ ಎರಡು ದೋಣಿ ವಾಲಿದವು. ಅವನ್ನು ಹಾಗೇ ಹಿನ್ನೀರಿನ ನಡುವಿಗೆ ಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಅಳೆಯುವವರು ಯಾರು? ತನ್ನ ದೋಣಿಯನ್ನು ತಾನೇ ಯಾರೂ ಅಳೆಯಬಾರದು. ದೋಣಿಯೇ ಇಲ್ಲದವರು ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. ಐಟಿಐ ಮೇಷ್ಟ್ರು, ಸರ್ವೆ ಕೆಲಸ ಗೊತ್ತಿರುವವರು, ಮಿಲಿಮೀಟರ್ ಬಗ್ಗೆ ಗೌರವ ಇರುವ ಹಿರಿಯ ಬಡಗಿ, ಇಂಥವರು ಊರಲ್ಲಿ ಇದ್ದೇ ಇರುತ್ತಾರೆ, ಹೋಗಿ ಕೇಳಬೇಕು ಅಷ್ಟೆ.

ನೋಂದಣಿ

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960. ಕನಿಷ್ಠ ಏಳು ಜನ ಬೇಕು, ಎಲ್ಲರಿಗೂ 18 ತುಂಬಿರಬೇಕು. ನಮ್ಮಲ್ಲಿ ಐದು ದೋಣಿ ಇದ್ದರೂ ಏಳು ಸಹಿ ಸಿಕ್ಕಿದ್ದು ಜೊತೆಗೆ ಕೂರುವವರನ್ನೂ ಸದಸ್ಯರಾಗಿ ತಗೊಂಡಿದ್ದರಿಂದ. ಹಾಗೇ ಮಾಡಿ. ದೋಣಿ ಇಲ್ಲದೆಯೂ ಪ್ರತಿ ಭಾನುವಾರ ಬಂದು ಹಗ್ಗ ಹಿಡಿಯುವವರು ಸಂಘದವರಲ್ಲದೆ ಮತ್ಯಾರು?

ಮೊದಲು ಒಂದು ಸ್ಥಾಪನಾ ಸಭೆ ಮಾಡಿ, ನಡಾವಳಿ ಬರೆಯಿರಿ. ಆಮೇಲೆ ಎರಡು ದಾಖಲೆ ತಯಾರಾಗಬೇಕು: ಸಂಘದ ಹೆಸರು, ವಿಳಾಸ, ಉದ್ದೇಶ ಹೇಳುವ ಜ್ಞಾಪನಾ ಪತ್ರ, ಮತ್ತು ನಡೆಸುವ ರೀತಿ ಹೇಳುವ ಉಪನಿಯಮ. ಸದಸ್ಯರ ಗುರುತಿನ ಚೀಟಿ, ಫೋಟೋ, ಕಚೇರಿ ವಿಳಾಸದ ದಾಖಲೆ ಸೇರಿಸಿ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಕೊಡಬೇಕು. ಹೆಸರಿಗೆ ಮೂರು ಆಯ್ಕೆ ಇಟ್ಟುಕೊಳ್ಳಿ. ಸರ್ಕಾರದ್ದು ಅನ್ನಿಸುವ ಹೆಸರು ಬೇಡ, ತಿರುಗಿ ಬರುತ್ತದೆ. ಆಧಾರಿನಲ್ಲಿ ಹೆಸರು ಹೇಗಿದೆಯೋ ಅರ್ಜಿಯಲ್ಲೂ ಹಾಗೇ ಇರಲಿ. ನಾವು ಇನಿಶಿಯಲ್ ಹಿಂದೆಮುಂದೆ ಬರೆದು ಎರಡು ಸಲ ಶಿವಮೊಗ್ಗಕ್ಕೆ ಓಡಾಡಿದೆವು.

ಈಗ ಈ ಇಡೀ ಬರಹದಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವ ಮಾತು. ಅಳತೆ ಪುಸ್ತಕವನ್ನು ಉಪನಿಯಮದೊಳಗೆ ತುರುಕಬೇಡಿ. ಉಪನಿಯಮ ಬದಲಾದರೆ ನೋಂದಣಾಧಿಕಾರಿಗೆ ಕೊಡಬೇಕು, ಕಾಯಬೇಕು. ಹಾಯಿಯ ಬಟ್ಟೆ ಬದಲಾಯಿಸಲು ಅಷ್ಟು ಕಷ್ಟ ಯಾಕೆ? ಉಪನಿಯಮದಲ್ಲಿ ಒಂದೇ ಸಾಲು ಸಾಕು: ದೋಣಿಯ ಅಳತೆ ನಿಯಮಗಳನ್ನು ಸಂಘ ಬೇರೆ ಪುಸ್ತಕದಲ್ಲಿ ಇಡುತ್ತದೆ, ಅದನ್ನು ಬದಲಾಯಿಸುವ ಕ್ರಮ ಹೀಗೆ.

ಆ ಕ್ರಮ ಬಿಗಿಯಾಗಿರಲಿ. ಬದಲಾವಣೆ ವರ್ಷಕ್ಕೆ ಒಂದೇ ಸಲ, ಒಂದು ತಿಂಗಳು ಮೊದಲೇ ಎಲ್ಲರಿಗೂ ಬರಹದಲ್ಲಿ ತಲುಪಬೇಕು, ದೋಣಿ ಇರುವವರಲ್ಲಿ ಮೂರರಲ್ಲಿ ಎರಡು ಭಾಗ ಒಪ್ಪಬೇಕು. ಸಂಘದ ಉಳಿದ ವಿಷಯಕ್ಕೆ ಎಲ್ಲ ಸದಸ್ಯರಿಗೂ ತಲಾ ಒಂದು ಮತ, ಅಳತೆಯ ವಿಷಯಕ್ಕೆ ದೋಣಿಗೆ ಒಂದು ಮತ. ಒಂದೇ ಮನೆಯಲ್ಲಿ ಮೂರು ದೋಣಿ ಇದ್ದರೆ ಮೂರು ಮತವಾ ಅಂತ ಕೇಳುತ್ತಾರೆ. ನಮ್ಮಲ್ಲಿ ಒಂದು ಮನೆಗೆ ಎರಡಕ್ಕಿಂತ ಜಾಸ್ತಿ ಇಲ್ಲ.

ನೋಂದಣಿ ಆದಮೇಲೆ ಪ್ಯಾನ್, ಬ್ಯಾಂಕ್ ಖಾತೆ, ಇಬ್ಬರ ಸಹಿ. ಪ್ರತಿವರ್ಷ ಸರ್ವಸದಸ್ಯರ ಸಭೆ ಆಗಬೇಕು, ಆಗಿ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸಬೇಕು. ಸುಮ್ನೆ ಬಿಟ್ಟರೆ ದಂಡ ಕಟ್ಟುತ್ತಾ ಕೂರಬೇಕಾಗುತ್ತದೆ. ಶುಲ್ಕ ಕಡಿಮೆ ಇಡಿ, ಹೊಸ ದೋಣಿಗೆ ಮಾತ್ರ ಒಂದು ಸಲದ ಅಳತೆ ಶುಲ್ಕ ಬೇರೆ ಇರಲಿ.

ನೀರು, ಅನುಮತಿ, ಓಟ

ಲಿಂಗನಮಕ್ಕಿ ಜಲಾಶಯ ಕರ್ನಾಟಕ ವಿದ್ಯುತ್ ನಿಗಮದ್ದು, ಸುತ್ತ ಅರಣ್ಯ, ಕೆಲವು ಕಡೆ ಅಭಯಾರಣ್ಯ. ಎಲ್ಲಿ ಇಳಿಸುತ್ತೀರಿ ಅನ್ನುವುದರ ಮೇಲೆ ಯಾರನ್ನು ಕೇಳಬೇಕು ಅನ್ನುವುದು ನಿಂತಿದೆ. ನೋಂದಣಿ ಸಂಖ್ಯೆ, ಸುರಕ್ಷತೆಯ ಯೋಜನೆ, ದೋಣಿಗಳ ಪಟ್ಟಿ ಮೂರೂ ಇಟ್ಟು ಅರ್ಜಿ ಕೊಟ್ಟರೆ ಮಾತಾಡುವ ರೀತಿಯೇ ಬೇರೆ ಇರುತ್ತದೆ. ಜನರನ್ನು ದಾಟಿಸುವ ಲಾಂಚ್ ಓಡುವ ದಾರಿಗೆ ಅಡ್ಡ ಬರುವ ಹಾಗೆ ಓಟದ ಗುರುತು ಇಡಲೇಬೇಡಿ.

ಓಟದ ದಿನವನ್ನು ಕ್ಯಾಲೆಂಡರ್ ನೋಡಿ ನಿಶ್ಚಯಿಸುವುದಕ್ಕಿಂತ ನೀರಿನ ಮಟ್ಟ ನೋಡಿ ನಿಶ್ಚಯಿಸುವುದು ಒಳ್ಳೆಯದು. ಪೂರ್ಣ ಮಟ್ಟ 1,819 ಅಡಿ, ಇವತ್ತು ಎಷ್ಟಿದೆ ಅಂತ ಪೇಪರಿನಲ್ಲೇ ಬರುತ್ತದೆ. ನಿಮ್ಮ ದಡದಲ್ಲಿ ಬೊಡ್ಡೆ ಕಾಣಲು ಶುರುವಾಗುವುದು ಯಾವ ಮಟ್ಟಕ್ಕೆ ಅಂತ ಒಂದು ವರ್ಷ ಬರೆದಿಡಿ. ಅದಕ್ಕಿಂತ ಮೇಲೆ ನೀರಿದ್ದರೆ ಮಾತ್ರ ಓಟ.

ಓಟಕ್ಕೆ ವರ್ಲ್ಡ್ ಸೇಲಿಂಗ್‌ನ ರೇಸಿಂಗ್ ನಿಯಮಗಳೇ ಸಾಕು. ನಾಲ್ಕು ವರ್ಷಕ್ಕೊಮ್ಮೆ ಹೊಸದು ಬರುತ್ತದೆ, ಈಗಿನದು 2025–2028ರದ್ದು. ಅದರಲ್ಲಿ ದೋಣಿ ನಿಯಮದಂತೆ ಇರುವ ಹಾಗೆ ನೋಡಿಕೊಳ್ಳುವ ಹೊಣೆ ಮಾಲೀಕರದ್ದೇ ಅಂತ ಇದೆ. ಶುರುವಿಗೆ ಐದು ನಿಮಿಷ ಮೊದಲು ಕ್ಲಾಸ್ ಬಾವುಟ ಏರುತ್ತದೆ, ನಾಲ್ಕು ನಿಮಿಷ ಇರುವಾಗ ಸಿದ್ಧತೆಯ ಬಾವುಟ, ಒಂದು ನಿಮಿಷ ಇರುವಾಗ ಅದು ಇಳಿಯುತ್ತದೆ, ಕ್ಲಾಸ್ ಬಾವುಟ ಇಳಿದರೆ ಓಟ ಶುರು. ಹಾಗಾಗಿ ನಿಮ್ಮ ಚಿಹ್ನೆ ಬಾವುಟದ ಮೇಲೂ ಹಾಯಿಯ ಮೇಲೂ ದೂರಕ್ಕೆ ಕಾಣುವಂತಿರಲಿ. ಬ್ರಿಟನ್ನಿನ ಜಿಪಿ14 ದೋಣಿಯ ಹಾಯಿಯಲ್ಲಿ ಗಂಟೆಯ ಚಿತ್ರ ಇದೆ. ಆ ದೋಣಿಯನ್ನು ಮೊದಲು ಕೈಗೆತ್ತಿಕೊಂಡದ್ದು ವೇಲ್ಸ್‌ನ ಅಬರ್‌ಡೋವಿ ಊರಿನ ಕಡೆಯ ಕ್ಲಬ್. ಸಮುದ್ರದಲ್ಲಿ ಮುಳುಗಿಹೋದ ನಾಡಿನ ಗಂಟೆಗಳು ಇವತ್ತಿಗೂ ನೀರಿನಡಿ ಕೇಳಿಸುತ್ತವೆ ಅಂತ ಅಲ್ಲಿ ಐತಿಹ್ಯ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಮನೆ, ತೋಟ, ದೇವಸ್ಥಾನ ಬಿಟ್ಟು ಬಂದವರ ಮಕ್ಕಳು ಮೊಮ್ಮಕ್ಕಳು ನಮ್ಮ ಸಂಘದಲ್ಲೂ ಇದ್ದಾರೆ. ಈ ಕಥೆ ಹೇಳಿದಾಗ ಎಲ್ಲರೂ ಒಂದು ಗಳಿಗೆ ಸುಮ್ಮನಾದರು. ನಮ್ಮ ಚಿಹ್ನೆಯ ಬಗ್ಗೆ ಆಮೇಲೆ ಚರ್ಚೆಯೇ ಆಗಲಿಲ್ಲ, ಅಡಿಕೆ ಮರ ಒಂದು, ಅದರ ಅರ್ಧಕ್ಕೆ ನೀರಿನ ಗೆರೆ.

ದೇಶದ ಮಟ್ಟದಲ್ಲಿ ಈ ಆಟ ನೋಡಿಕೊಳ್ಳುವುದು ಯಾಟಿಂಗ್ ಅಸೋಸಿಯೇಷನ್ ಆಫ್ ಇಂಡಿಯಾ. ಮಾನ್ಯತೆಗೆ ಮೊದಲ ವರ್ಷವೇ ಓಡಬೇಡಿ. ಎರಡು ಚಳಿಗಾಲ ಓಟ ನಡೆಸಿ, ಅಳತೆಯ ದಾಖಲೆ ಸರಿಯಾಗಿಟ್ಟು, ಆಮೇಲೆ ಬರೆಯಿರಿ.

ಸಂಖ್ಯೆಯ ಪುಸ್ತಕ

ದೋಣಿಗೆ ಕೊಟ್ಟ ಸಂಖ್ಯೆ ದೋಣಿಯದ್ದು, ಮಾಲೀಕರದ್ದಲ್ಲ. ಮಾರಿದರೆ ಸಂಖ್ಯೆಯೂ ಜೊತೆಗೆ ಹೋಗುತ್ತದೆ. ದೋಣಿ ಮುರಿದುಹೋದರೂ ಆ ಸಂಖ್ಯೆ ಇನ್ನೊಂದಕ್ಕೆ ಕೊಡಬಾರದು. ಹಾಯಿಯ ಮೇಲೆ ಬರೆದದ್ದು ಅಳಿಸಬಹುದು, ಆದ್ದರಿಂದ ಹಿಂಬದಿಯ ಹಲಗೆಯ ಒಳಮೈಗೆ ಕಾಯಿಸಿದ ಕಬ್ಬಿಣದಿಂದ ಸುಟ್ಟು ಬರೆಯಿರಿ. ಗಟ್ಟಿ ರಟ್ಟಿನ ಲೆಡ್ಜರ್ ತಂದು ಪ್ರತಿ ದೋಣಿಗೆ ಎರಡು ಪುಟ ಬಿಡಿ. ಕಟ್ಟಿದವರು, ಕಟ್ಟಿದ ಊರು, ಅಳತೆ, ತೂಕ, ಸೀಸ, ಕೈ ಬದಲಾದ ದಿನ. ಕಂಪ್ಯೂಟರಿನಲ್ಲೂ ಇರಲಿ, ಆದರೆ ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಎಷ್ಟು ಹೊತ್ತು ಇರುತ್ತದೆ ಅಂತ ನಿಮಗೇ ಗೊತ್ತು.

ನಮ್ಮ ಲೆಡ್ಜರಿನಲ್ಲಿ ಮೊದಲ ಪುಟ ಆ ಗೇಣು ಹಾಯಿಯ ದೋಣಿಯದ್ದು. ಹಾಯಿ ಕತ್ತರಿಸಿ ಮತ್ತೆ ಹೊಲಿದ ತಾರೀಖು ಅದರಲ್ಲಿದೆ. ಕೆಳಗೆ ಸಾಕ್ಷಿಯ ಸಹಿ, ಅವತ್ತು ಅವರ ಜೊತೆ ಮಾತು ಬಿಟ್ಟಿದ್ದ ಸ್ನೇಹಿತರದ್ದು.